ಕೋಟೆಯಿಲ್ಲದ ಊರಿನಲ್ಲಿ ಮಕ್ಕಳು ಇತಿಹಾಸ ಹುಡುಕುವುದು ಹೇಗೆ?

ಪ್ರಶ್ನೆ: ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. 28 ಮಕ್ಕಳಿದ್ದಾರೆ. ಹೋದ ವರ್ಷ ‘ನಮ್ಮೂರ ಇತಿಹಾಸ’ ಬರೆದುಕೊಂಡು ಬನ್ನಿ ಎಂದಿದ್ದೆ. ಅರ್ಧ ಮಕ್ಕಳು ಒಬ್ಬರೇ ಯಜಮಾನರ ಹತ್ತಿರ ಹೋಗಿ ಅವರು ಹೇಳಿದ್ದನ್ನು ಬರೆದು ತಂದರು. ಉಳಿದವರು ಮೊಬೈಲಿನಲ್ಲಿ ಸಿಕ್ಕ ಜಿಲ್ಲೆಯ ಇತಿಹಾಸವನ್ನು ನಕಲು ಮಾಡಿದರು. ನಮ್ಮೂರಲ್ಲಿ ಕೋಟೆಯಿಲ್ಲ, ಹೆಸರಾದ ದೇವಸ್ಥಾನವಿಲ್ಲ. ಒಂದು ಕೆರೆ ಇದೆ, ಹೊಲದ ಬದುವಿನಲ್ಲಿ ಒಂದು ಕೆತ್ತಿದ ಕಲ್ಲಿದೆ, ಅಷ್ಟೆ. ಮಕ್ಕಳು ತಾವೇ ಹುಡುಕಿ ಬರೆಯುವಂತೆ ಮಾಡುವುದು ಹೇಗೆ? ಅಂಕ ಹೇಗೆ ಕೊಡಲಿ?

ಉತ್ತರ: ಮಕ್ಕಳನ್ನು ನಕಲಿಗೆ ದೂಡಿದ್ದು ಆ ವಿಷಯವೇ. ‘ನಮ್ಮೂರ ಇತಿಹಾಸ’ ಎಂದರೆ ಹನ್ನೆರಡು ವರ್ಷದ ಮಗು ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು? ಯಾರೋ ಕಟ್ಟಿಟ್ಟ ಕಥೆಯನ್ನು ತಂದು ಒಪ್ಪಿಸುವುದೊಂದೇ ಅದಕ್ಕೆ ಉಳಿಯುವ ದಾರಿ. ಯಾರ ಬಾಯಲ್ಲೂ ಸಿದ್ಧ ಉತ್ತರ ಇಲ್ಲದ, ಆದರೆ ಊರೊಳಗೆ ಹುಡುಕಿದರೆ ಸಿಗುವಂಥ ಸಣ್ಣ ಪ್ರಶ್ನೆ ಕೊಟ್ಟರೆ ನಕಲು ಮಾಡಲು ಏನೂ ಇರುವುದಿಲ್ಲ. ನಿಮ್ಮ ಕೆರೆಯನ್ನೇ ತೆಗೆದುಕೊಳ್ಳಿ. 2022ರ ಮಳೆಗೆ ತುಮಕೂರು ಕಡೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಅದಕ್ಕೆ ಮೊದಲು ನಿಮ್ಮೂರ ಕೆರೆ ಕೊನೆಯ ಸಲ ಕೋಡಿ ಬಿದ್ದಿದ್ದು ಯಾವಾಗ? ಈ ಒಂದು ಪ್ರಶ್ನೆ 28 ಮಕ್ಕಳಿಗೆ ಎರಡು ತಿಂಗಳ ಕೆಲಸ ಕೊಡುತ್ತದೆ.

ಇಲ್ಲಿ ಅವರು ಕಲಿಯಬೇಕಾದ ಮುಖ್ಯ ವಿದ್ಯೆ ಒಂದೇ: ಒಂದು ಸಂಗತಿಗೆ ಎರಡು ಬೇರೆ ಬೇರೆ ಆಧಾರಗಳನ್ನು ಎದುರುಬದುರು ಇಟ್ಟು ನೋಡುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆ ಮಕ್ಕಳಿಗೆ ಗೊತ್ತೇ ಇರುತ್ತದೆ. ಅದನ್ನು ಕೈಯಲ್ಲಿ ಮಾಡಿಸುವುದು ನಿಮ್ಮ ಕೆಲಸ. ಎಂಟನೇ ತರಗತಿಯಲ್ಲಿ ‘ಆಧಾರಗಳು’ ಪಾಠ ಬಂದಾಗ ಇದೇ ಮಕ್ಕಳಿಗೆ ಅದು ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ.

ಎಂಟು ವಾರ ಇಟ್ಟುಕೊಳ್ಳಿ. ವಾರಕ್ಕೆ ಎರಡು ಪೀರಿಯಡ್ಡು, ಜೊತೆಗೆ ಎರಡು ಶನಿವಾರದ ಬೆಳಗ್ಗೆ ಸಾಕು. ದೀಪಾವಳಿ ಮುಗಿದ ಮೇಲೆ ಶುರು ಮಾಡಿದರೆ ಪರೀಕ್ಷೆಯ ಹೊತ್ತಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಏರಿಯ ಮೇಲೆ ಓಡಾಡಿಸುವುದು ಕಷ್ಟ, ಬೆಳೆ ನಿಂತಿರುವಾಗ ಬದುವಿನ ಕಲ್ಲಿನ ಹತ್ತಿರ ಹೋಗುವುದೂ ಆಗದು.

ಮೊದಲ ವಾರ ಊರಿಗೆ ಹೋಗಬೇಡಿ. ಆಧಾರ ಚೀಟಿ ಬರೆಯುವುದನ್ನು ಅಭ್ಯಾಸ ಮಾಡಿಸಿ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಚೀಟಿ. ಪ್ರತಿ ಚೀಟಿಯಲ್ಲಿ ಒಂದೇ ಸಂಗತಿ. ಅದರ ಕೆಳಗೆ ಯಾರು ಹೇಳಿದರು ಅಥವಾ ಯಾವ ದಾಖಲೆಯಲ್ಲಿತ್ತು, ಯಾವ ತಾರೀಖು ಬರೆದುಕೊಂಡೆವು, ಬರೆದ ಮಗುವಿನ ಹೆಸರು. ಬಲಗಡೆಯ ಮೂಲೆಯಲ್ಲಿ ‘ಕಂ’ ಅಥವಾ ‘ಕೇ’. ಹೇಳಿದವರು ತಾವೇ ಕಂಡಿದ್ದರೆ ‘ಕಂ’, ಇನ್ನೊಬ್ಬರಿಂದ ಕೇಳಿದ್ದರೆ ‘ಕೇ’. ಈ ಎರಡಕ್ಷರ ಬಿಟ್ಟುಹೋದರೆ ಆಮೇಲೆ ಸರಿಪಡಿಸಲು ಆಗುವುದಿಲ್ಲ. ‘ನಮ್ಮ ಕಾಲದಲ್ಲಿ ಕೆರೆ ಒಡೆದಿತ್ತು’ ಎಂದು ಅಜ್ಜಿ ಹೇಳಿದಾಗ, ಅವರು ಒಡೆದ ಏರಿಯನ್ನು ನೋಡಿದ್ದರೋ ಅಥವಾ ಅತ್ತೆ ಹೇಳಿದ್ದನ್ನು ತಮ್ಮ ಕಾಲದ್ದೆಂದು ಸೇರಿಸಿಕೊಂಡರೋ ಎಂಬುದು ಆ ಕ್ಷಣದಲ್ಲಿ ಕೇಳಿದರೆ ಮಾತ್ರ ತಿಳಿಯುತ್ತದೆ.

ಎರಡನೇ ವಾರಕ್ಕೆ ಬೇಕಾದ ಮೊದಲ ದಾಖಲೆ ನಿಮ್ಮ ಶಾಲೆಯ ಬೀರುವಿನಲ್ಲೇ ಇದೆ: ದಾಖಲಾತಿ ವಹಿ. ಹಳೆಯ ವಹಿಗಳು ಇದ್ದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ತೆಗೆಸಿ. ಹೆಸರು ಮತ್ತು ಜಾತಿಯ ಕಾಲಂ ಮಕ್ಕಳ ಕಣ್ಣಿಗೆ ಬೀಳಬಾರದು. ಆ ಮನೆಗಳವರ ಮೊಮ್ಮಕ್ಕಳೇ ನಿಮ್ಮ ಮುಂದೆ ಕೂತಿರುತ್ತಾರೆ. ಆದ್ದರಿಂದ ವಹಿಯನ್ನು ಅವರ ಕೈಗೆ ಕೊಡದೆ, ನೀವೇ ಬೇಕಾದ ಕಾಲಂ ಮಾತ್ರ ಹಾಳೆಗೆ ಇಳಿಸಿಕೊಡಿ: ಸೇರಿದ ವರ್ಷ, ಹುಡುಗನೋ ಹುಡುಗಿಯೋ, ಹುಟ್ಟಿದ ತಾರೀಖು, ತಂದೆಯ ಕಸುಬು, ಬಿಟ್ಟ ತರಗತಿ, ಬಿಟ್ಟ ಕಾರಣ. ಮಕ್ಕಳು ಹತ್ತು ಹತ್ತು ವರ್ಷಕ್ಕೆ ಗೀಟು ಎಳೆದು ಲೆಕ್ಕ ಹಾಕಲಿ. ಮೊದಲ ಹುಡುಗಿ ಸೇರಿದ್ದು ಯಾವ ವರ್ಷ? ಹುಡುಗಿಯರು ಹೆಚ್ಚಾಗಿ ಯಾವ ತರಗತಿಗೆ ಬಿಟ್ಟರು? ಯಾವ ಕಸುಬು ಯಾವ ದಶಕದ ನಂತರ ವಹಿಯಲ್ಲಿ ಕಾಣುವುದೇ ಇಲ್ಲ? ಊರಿನ ಯಾವ ಯಜಮಾನರೂ ಈ ಉತ್ತರಗಳನ್ನು ಹೇಳಲಾರರು. ಮಕ್ಕಳಿಗೆ ಸಿಗುವ ಮೊದಲ ಹೊಸ ಜ್ಞಾನ ಅದು. ಅದರ ಹುಮ್ಮಸ್ಸು ಉಳಿದ ವಾರಗಳನ್ನೂ ಎಳೆದುಕೊಂಡು ಹೋಗುತ್ತದೆ.

ಹುಟ್ಟಿದ ತಾರೀಖಿನ ಕಾಲಂ ಮುಂದೆ ಸ್ವಲ್ಪ ನಿಲ್ಲಿಸಿ. ಹಳೆಯ ವಹಿಗಳಲ್ಲಿ 1-6, 1-6 ಎಂದು ಸಾಲುಸಾಲಾಗಿ ಇರುತ್ತದೆ. ಊರಿನ ಇಷ್ಟು ಮಕ್ಕಳೆಲ್ಲ ಜೂನ್ 1ರಂದೇ ಹುಟ್ಟಿದರೇ? ಅವರೇ ಯೋಚಿಸಲಿ, ತಕ್ಷಣ ಹೇಳಬೇಡಿ. ಆಗೆಲ್ಲ ಶಾಲೆ ಶುರುವಾಗುತ್ತಿದ್ದುದು ಜೂನ್‌ನಲ್ಲಿ. ಹುಟ್ಟಿದ ದಿನ ಮನೆಯವರಿಗೆ ಗೊತ್ತಿಲ್ಲದಿದ್ದಾಗ, ಸೇರಿಸಿಕೊಳ್ಳಲು ವಯಸ್ಸು ಹೊಂದುವಂತೆ ಮೇಷ್ಟ್ರು ಆ ತಾರೀಖು ಬರೆದರು. ಸರ್ಕಾರಿ ಮೊಹರು ಇರುವ ಕಾಗದದಲ್ಲೂ ಊಹೆಯಿಂದ ತುಂಬಿದ ಸಾಲು ಇರುತ್ತದೆ ಎಂಬುದು ಒಮ್ಮೆ ತಲೆಗೆ ಹೋದರೆ ಮಕ್ಕಳು ಪ್ರತಿ ದಾಖಲೆಗೂ ‘ಇದನ್ನು ಬರೆದವರಿಗೆ ಹೇಗೆ ಗೊತ್ತಿತ್ತು?’ ಎಂದು ಕೇಳತೊಡಗುತ್ತಾರೆ.

ಮೂರನೇ ಮತ್ತು ನಾಲ್ಕನೇ ವಾರ ಹಿರಿಯರನ್ನು ಮಾತಾಡಿಸುವುದು. ಮೂವರ ಗುಂಪು ಮಾಡಿ: ಕೇಳುವವರು ಒಬ್ಬರು, ಬರೆಯುವವರು ಒಬ್ಬರು, ಫೋನ್ ನೋಡಿಕೊಳ್ಳುವವರು ಒಬ್ಬರು. ಉಳಿದ ಒಬ್ಬರನ್ನು ಒಂದು ಗುಂಪಿಗೆ ಸೇರಿಸಿ. ಹೀಗೆ ಒಂಬತ್ತು ಗುಂಪಾಗುತ್ತದೆ. ಯಾವ ಗುಂಪು ಯಾರ ಮನೆಗೆ ಎಂಬುದನ್ನು ನೀವೇ ಹಂಚಿ. ಮಕ್ಕಳಿಗೆ ಬಿಟ್ಟರೆ ಹೋದ ವರ್ಷದ ಹಾಗೆ ಎಲ್ಲರೂ ಅದೇ ಜಗಲಿಗೆ ಹೋಗುತ್ತಾರೆ. ಎಲ್ಲ ಕೇರಿಗಳೂ ಬರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕೆರೆಯ ವಿಷಯದಲ್ಲಂತೂ ಇದನ್ನು ಬಿಡುವಂತಿಲ್ಲ. ನೀರು ಹೊತ್ತವರು, ಬಟ್ಟೆ ಒಗೆದವರು, ಅಚ್ಚುಕಟ್ಟಿನಲ್ಲಿ ನಾಟಿ ಹಾಕಿದವರು, ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯ ಮನೆಯವರು ಒಂದೊಂದು ಕೆರೆಯನ್ನು ಕಂಡಿರುತ್ತಾರೆ. ಯಾವ ಸೋಪಾನದಲ್ಲಿ ಯಾರು ಇಳಿಯುವಂತಿರಲಿಲ್ಲ, ಯಾವ ಬಾವಿಯಲ್ಲಿ ಯಾರಿಗೆ ನೀರು ಸೇದಲು ಬಿಡುತ್ತಿರಲಿಲ್ಲ ಎಂಬುದೂ ಆ ಕೆರೆಯ ಇತಿಹಾಸವೇ. ದಲಿತ ಕೇರಿಯ ಹಿರಿಯರು ಅದನ್ನು ಹೇಳಿದರೆ ಮಕ್ಕಳು ಹೇಳಿದಂತೆಯೇ ಬರೆಯಲಿ. ‘ಎಲ್ಲರೂ ಅನ್ಯೋನ್ಯವಾಗಿದ್ದರು’ ಎಂಬ ಸಾಲನ್ನು ಅದರ ಮೇಲೆ ಹೊದಿಸಬೇಡಿ.

ಪ್ರಶ್ನೆಗಳನ್ನು ತರಗತಿಯಲ್ಲೇ ತಿದ್ದಿ. ‘ತಾತ, ಆಗ ಮಳೆ ಚೆನ್ನಾಗಿತ್ತಾ?’ ಎಂದರೆ ‘ಹೂಂ ಮಗ, ಚೆನ್ನಾಗಿತ್ತು’ ಎಂದು ಮುಗಿಯುತ್ತದೆ. ‘ಕೆರೆ ತುಂಬಿದಾಗ ಮೊದಲು ಯಾರು ನೋಡಿಕೊಂಡು ಬರುತ್ತಿದ್ದರು? ಆಮೇಲೆ ಊರಲ್ಲಿ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರೆ ಗಂಗಾಪೂಜೆ, ಬಾಗಿನ, ಕೋಡಿಯ ಹತ್ತಿರ ಮೀನು ಹಿಡಿದದ್ದು ಎಲ್ಲ ಬರುತ್ತದೆ. ಆರೇಳು ಪ್ರಶ್ನೆ, ಅರ್ಧ ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಧ್ವನಿಮುದ್ರಣಕ್ಕೆ ಮೊದಲು ಅನುಮತಿ ಕೇಳಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹೇಳುವವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಡಲಿ. ಅರ್ಧ ನಿಮಿಷ ಮುದ್ರಿಸಿ ಕೇಳಿ ನೋಡಿದ ಮೇಲೆ ಮುಂದುವರಿಯಲಿ. ಫ್ಯಾನು, ಟಿವಿ, ಪಕ್ಕದ ಮನೆಯ ಮಿಕ್ಸಿ ಇವು ಅರ್ಧ ಧ್ವನಿಯನ್ನು ನುಂಗಿಹಾಕುತ್ತವೆ. ಅದೇ ದಿನ ಸಂಜೆ ಫೈಲಿಗೆ ಹೇಳಿದವರ ಹೆಸರು, ತಾರೀಖು ಹಾಕಿ ಶಾಲೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ತಂದೆಯ ಫೋನಿನಲ್ಲೇ ಬಿಟ್ಟರೆ ಮೆಮೊರಿ ತುಂಬಿದಾಗ ಮೊದಲು ಅಳಿಸಿಹೋಗುವುದು ಅದೇ. ಆಸ್ತಿ ವ್ಯಾಜ್ಯ, ಕೋರ್ಟಿನಲ್ಲಿರುವ ಜಮೀನಿನ ಮಾತು ಬಂದರೆ ಮುದ್ರಣ ನಿಲ್ಲಿಸಬೇಕು ಎಂದು ಮಕ್ಕಳಿಗೆ ಮೊದಲೇ ಹೇಳಿರಿ.

ಇಸವಿ ಕೇಳಿದರೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಕೇಳುವ ರೀತಿ ಬದಲಾಗಬೇಕು: ‘ಆಗ ಊರಿಗೆ ಕರೆಂಟು ಬಂದಿತ್ತಾ? ನಿಮ್ಮ ಮದುವೆಗೆ ಮೊದಲೋ ಆಮೇಲೋ? ದೊಡ್ಡ ಮಗ ಶಾಲೆಗೆ ಹೋಗುತ್ತಿದ್ದನಾ?’ ಎಲ್ಲರಿಗೂ ನೆನಪಿರುವ, ತಾರೀಖು ಖಚಿತವಾಗಿರುವ ಘಟನೆಗಳ ಪಟ್ಟಿಯೊಂದು ಪ್ರತಿ ಗುಂಪಿನ ಕೈಯಲ್ಲಿರಲಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್. ನೆಹರು ತೀರಿಕೊಂಡದ್ದು 1964ರ ಮೇ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1. ಉಳುವ ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಗೇಣಿದಾರರು ಫಾರಂ ನಂಬರ್ 7 ತುಂಬಿದ್ದು 1974ರ ಭೂಸುಧಾರಣೆಯ ನಂತರ. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತ ದೊಡ್ಡ ಸೂರ್ಯಗ್ರಹಣ 1980ರ ಫೆಬ್ರವರಿ 16ರ ಮಧ್ಯಾಹ್ನ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಕಡೆ ಅದು ಪೂರ್ಣಗ್ರಹಣ, ನಿಮ್ಮಲ್ಲಿ ಪಾರ್ಶ್ವ. ಇಂದಿರಾ ಗಾಂಧಿ ಹತ್ಯೆ 1984ರ ಅಕ್ಟೋಬರ್ 31. ಇವುಗಳ ಹಿಂದೆ, ಮುಂದೆ, ನಡುವೆ ಎಂದು ಊರಿನ ಘಟನೆಗಳನ್ನು ಕೂರಿಸುತ್ತ ಹೋದರೆ ಇಸವಿ ಕೇಳದೆಯೇ ಇಸವಿ ಸಿಗುತ್ತದೆ.

ಉದಾಹರಣೆಗೆ, ಒಬ್ಬ ತಾತ ‘ಕೋಡಿ ಬಿದ್ದು ಇಪ್ಪತ್ತು ವರ್ಷವಾಯಿತು’ ಎನ್ನುತ್ತಾರೆ. ಇನ್ನೊಂದು ಕೇರಿಯ ಅಜ್ಜಿ ‘ನನ್ನ ಕಿರಿ ಮಗಳ ಬಾಣಂತನದಲ್ಲಿ ಬಿದ್ದಿತ್ತು’ ಎನ್ನುತ್ತಾರೆ. ತಾತನದು ದುಂಡು ಸಂಖ್ಯೆ. ಹತ್ತು, ಇಪ್ಪತ್ತು, ಐವತ್ತು ಎಂಬ ದುಂಡು ಸಂಖ್ಯೆ ಬಂದಾಗಲೆಲ್ಲ ಅದು ಅಂದಾಜು ಎಂದು ಚೀಟಿಯಲ್ಲಿ ಗುರುತಿಸಬೇಕು. ಅಜ್ಜಿಯದು ಒಂದು ಜೀವನ ಘಟನೆಗೆ ಗಂಟು ಹಾಕಿದ ನೆನಪು, ಹೆಚ್ಚು ಗಟ್ಟಿ. ಬಾಣಂತನ ಯಾರದ್ದು, ಮೊಮ್ಮಗುವಿಗೆ ಈಗೆಷ್ಟು ವಯಸ್ಸು, ಜನನ ಪ್ರಮಾಣಪತ್ರದಲ್ಲಿ ಯಾವ ತಿಂಗಳಿದೆ ಎಂದು ಕೇಳಿದರೆ ತಿಂಗಳವರೆಗೂ ಹೋಗಬಹುದು. ಶಾಲೆಯ ವಹಿಯಲ್ಲಿ ಜೂನ್ 1 ಎಂದಿದ್ದರೆ ಮಾತ್ರ ಅದನ್ನು ನಂಬಬೇಡಿ.

ಮೂರನೆಯ ಸಾಕ್ಷಿ ಆಕಾಶದಿಂದ ಬರುತ್ತದೆ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷವರ್ಷವೂ ನೋಡಬಹುದು. ಹಳೆಯ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಎಂದರೆ ಸುಮಾರು 9 ಗುಂಟೆ. ಇಪ್ಪತ್ತು ಎಕರೆಯ ಕೆರೆ 90 ಚುಕ್ಕಿಯಾಗಿ ಕಾಣುತ್ತದೆ, ಎರಡೆಕರೆಯ ಕಟ್ಟೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇನ್ನೊಂದು ತೊಡಕಿದೆ. ಅದು ವರ್ಷದ ಹಲವು ದಿನಗಳ ಚಿತ್ರಗಳನ್ನು ಬೆರೆಸಿ ಮಾಡಿದ್ದು, ಆದ್ದರಿಂದ ಎರಡೇ ತಿಂಗಳು ನಿಂತ ನೀರು ಮಾಯವಾಗಿರಬಹುದು. ‘ಚಿತ್ರದಲ್ಲಿ ನೀರಿಲ್ಲ, ಅಜ್ಜಿ ಹೇಳಿದ್ದು ಸುಳ್ಳು’ ಎಂದು ಮಕ್ಕಳು ಹಾರಬಾರದು. ಹೋಬಳಿಯ ಮಳೆ ಲೆಕ್ಕ ತಾಲ್ಲೂಕು ಕಚೇರಿಯಲ್ಲಿ ಸಿಕ್ಕರೆ ಅದನ್ನೂ ಪಕ್ಕದಲ್ಲಿಡಿ.

ಐದನೇ ವಾರ ಕೆರೆಯ ಹತ್ತಿರ ಹೋಗಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು, ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಕರೆಯಿರಿ. ನೀರಿಗೆ ಯಾರೂ ಇಳಿಯುವಂತಿಲ್ಲ. ಏರಿಯ ಉದ್ದವನ್ನು 30 ಮೀಟರ್ ಟೇಪಿನಿಂದ ಅಳೆಯಲಿ. ನೈಲಾನ್ ಹಗ್ಗದಿಂದ ಅಳೆದರೆ ಎಳೆದಂತೆಲ್ಲ ಹಿಗ್ಗಿ ಲೆಕ್ಕ ತಪ್ಪುತ್ತದೆ. ತೂಬಿನ ಕಲ್ಲುಕಂಬ, ಕೋಡಿಯ ಕಲ್ಲುಕಟ್ಟಡ, ಏರಿಯ ಮೇಲಿನ ದೇವರು ಇವನ್ನು ಬರೆದುಕೊಳ್ಳಲಿ. ಫೋಟೋ ತೆಗೆದರೂ ಕೈಯಲ್ಲಿ ಚಿತ್ರ ಬರೆಸಿ, ಏಕೆಂದರೆ ಬರೆಯುವಾಗಲೇ ಹಳೆಯ ಕಲ್ಲಿನ ಮೇಲೆ ಹೊಸ ಸಿಮೆಂಟು ಎಲ್ಲಿ ಶುರುವಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ನೀರಗಂಟಿ ಯಾರಿದ್ದರು, ಅವರಿಗೆ ಊರು ಏನು ಕೊಡುತ್ತಿತ್ತು ಎಂದು ವಿಚಾರಿಸಿ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1963ರಲ್ಲಿ ರದ್ದಾದವು. ಆಮೇಲೆ ತೂಬು ಎತ್ತುವವರು ಯಾರಾದರು ಎಂಬುದು ಊರೂರಿಗೂ ಬೇರೆ ಕಥೆ.

ಈಗ ಬದುವಿನ ಕಲ್ಲು. ಹೊಲದ ಒಡೆಯರನ್ನು ಕೇಳಿ ಹೋಗಿ. ಅಡಿಯಿಂದ ಮೇಲಕ್ಕೆ ಎರಡು ಮೂರು ಪಟ್ಟಿಕೆ ಇದ್ದು, ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯಚಂದ್ರ ಇದ್ದರೆ ಅದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಹಸುಗಳಿದ್ದರೆ ತುರುಗೋಳಿನಲ್ಲಿ, ಎಂದರೆ ದನಗಳ ಹಿಂಡಿಗಾಗಿ ನಡೆದ ಕಾದಾಟದಲ್ಲಿ ಸತ್ತವನ ಕಲ್ಲು. ಮೊಣಕೈ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ಕೈ ಇದ್ದರೆ ಮಾಸ್ತಿಕಲ್ಲು, ಸತಿಹೋದ ಹೆಣ್ಣಿನ ನೆನಪಿನದು. ಬರೀ ಲಿಂಗದ ಅಥವಾ ವಾಮನನ ಗುರುತಿದ್ದರೆ ದಾನ ಕೊಟ್ಟ ಭೂಮಿಯ ಎಲ್ಲೆ ಕಲ್ಲಿರಬಹುದು. ಆಗ ಗ್ರಾಮ ನಕ್ಷೆಯಲ್ಲಿ ಆ ಜಾಗ ಯಾವ ಎರಡು ಊರುಗಳ ಗಡಿಗೆ ಹತ್ತಿರ ಎಂದು ನೋಡಿ.

ಅಕ್ಷರ ಕಾಣಿಸಲೆಂದು ಚಾಕ್‌ಪೀಸು, ಸುಣ್ಣ, ರಂಗೋಲಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ತಂತಿ ಬ್ರಷ್ಷಿನಿಂದ ಪಾಚಿ ಕೆರೆದರೆ ಅಕ್ಷರದ ಅಂಚೂ ಹೋಗುತ್ತದೆ. ಸಾವಿರ ವರ್ಷ ಮಳೆ ಬಿಸಿಲು ತಡೆದ ಕಲ್ಲು ಶಾಲೆಯ ಒಂದು ಪ್ರಾಜೆಕ್ಟಿಗೆ ಹಾಳಾಗಬಾರದು. ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ಕಲ್ಲು ನೆರಳಲ್ಲಿದ್ದರೆ ಕನ್ನಡಿಯಿಂದ ಪಕ್ಕಕ್ಕೆ ಬಿಸಿಲು ಹಾಯಿಸಿ. ನಡುಮಧ್ಯಾಹ್ನ ಕಾಣದ ಸಾಲುಗಳು ಆಗ ಎದ್ದು ನಿಲ್ಲುತ್ತವೆ. ಅದು ಈಗಾಗಲೇ ಓದಿದ ಶಾಸನವೇ ಎಂದು ನೋಡಲು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಇದೆ. ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರದ್ದು. ತಾಲ್ಲೂಕುವಾರು ಜೋಡಿಸಿದ್ದಾರೆ, ಅಂತರಜಾಲದಲ್ಲಿ ಸ್ಕ್ಯಾನ್ ಪ್ರತಿ ಸಿಗುತ್ತದೆ. ನಿಮ್ಮ ಊರಿನ ಹೆಸರಿನ ಜೊತೆ ಸುತ್ತಲಿನ ಊರುಗಳ ಹೆಸರನ್ನೂ ಹುಡುಕಿ. ಅಂದಿನ ಹೆಸರಿನ ಕಾಗುಣಿತ ಬೇರೆ ಇರಬಹುದು. ಸಿಗದಿದ್ದರೆ ಫೋಟೋ ಸಹಿತ ಪುರಾತತ್ತ್ವ ಇಲಾಖೆಗೆ ಬರೆಯಿರಿ. ಕಲ್ಲಿನ ಜಾಗವನ್ನು ಫೇಸ್‌ಬುಕ್ಕಿಗೆ ಮಾತ್ರ ಹಾಕಬೇಡಿ. ನಿಧಿಯಾಸೆಗೆ ಕಲ್ಲು ಕಿತ್ತು ಅಗೆಯುವವರು ಇದ್ದೇ ಇದ್ದಾರೆ. ಮಕ್ಕಳಿಗೆ ನಾಣ್ಯವೋ ಮಡಕೆಯೋ ಸಿಕ್ಕರೆ ಅಗೆಯುವುದನ್ನು ಬಿಟ್ಟು ತಹಸೀಲ್ದಾರರಿಗೆ ತಿಳಿಸಬೇಕು.

ಗುಡಿಯ ಬಾಗಿಲವಾಡ, ಬಾವಿಯ ಕಲ್ಲು, ಹಳೆ ಮನೆಯ ತೊಲೆಗಳಲ್ಲಿ ಶಕವರ್ಷ ಮತ್ತು ಸಂವತ್ಸರ ಇದ್ದರೆ ಗಣಿತದ ಪೀರಿಯಡ್ಡಿಗೂ ಕೆಲಸವಾಯಿತು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಜನವರಿಯಿಂದ ಯುಗಾದಿಯೊಳಗಿನ ತಾರೀಖಾದರೆ 79. ಸಂವತ್ಸರ ಸರಿಯಿದೆಯೇ ಎಂದು ನೋಡಲು ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಶೇಷವನ್ನು ಪ್ರಭವದಿಂದ ಎಣಿಸಿ. ಶೇಷ ಸೊನ್ನೆ ಬಂದರೆ ಅಕ್ಷಯ. ಶಕ 1798ನ್ನು ತೆಗೆದುಕೊಳ್ಳಿ: 1810ನ್ನು 60ರಿಂದ ಭಾಗಿಸಿದರೆ ಶೇಷ 10, ಹತ್ತನೆಯದು ಧಾತು. ಇಸವಿ 1876. ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರ ಎಂದು ಕರೆಯುವ ಮಹಾಕ್ಷಾಮದ ಮೊದಲ ವರ್ಷ ಅದೇ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಸಂವತ್ಸರವೂ ಶಕವೂ ಹೊಂದದಿದ್ದರೆ ಮೊದಲು ಅಂಕೆಯನ್ನೇ ಮತ್ತೊಮ್ಮೆ ಓದಿ. ಸವೆದ ಕಲ್ಲಿನಲ್ಲಿ ೬, ೭, ೯ ಒಂದೇ ತರಹ ಕಾಣುತ್ತವೆ, ೦ ಮತ್ತು ೧ ಕೂಡ.

ಆರನೇ ವಾರಕ್ಕೆ ಕಾಗದಗಳು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ಆನ್‌ಲೈನಿನಲ್ಲಿ ಇಳಿಸಿಕೊಂಡು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ. ಕೆರೆ, ಹಳ್ಳ, ಬಂಡಿದಾರಿ ಅದರಲ್ಲಿರುತ್ತವೆ. ನಿಮ್ಮ ಹೋಬಳಿಯ ಗ್ರಾಮಗಳ ಪಟ್ಟಿಯಲ್ಲಿ ಬೇಚಿರಾಕ್ (ಜನವಸತಿ ಇಲ್ಲದ್ದು) ಎಂದು ಬರೆದ ಊರಿದ್ದರೆ ಮುಂದಿನ ವರ್ಷದ ಪ್ರಶ್ನೆ ಸಿಕ್ಕಂತೆ: ಅಲ್ಲಿದ್ದವರು ಎಲ್ಲಿ ಹೋದರು? ಜಿಲ್ಲಾ ಜನಗಣತಿ ಕೈಪಿಡಿಗಳು 1951ರಿಂದ ಇವೆ, ಗ್ರಾಮವಾರು ಜನಸಂಖ್ಯೆ ಅವುಗಳಲ್ಲಿ ಸಿಗುತ್ತದೆ. ಮನೆತನಗಳ ವಂಶಾವಳಿ ಹೇಳುವ ಹೆಳವರು ಬರುವ ಊರಾದರೆ ಅವರು ಬಂದ ದಿನ ಮಕ್ಕಳು ಕೇಳಿಸಿಕೊಳ್ಳಲಿ. ಆದರೆ ಕುಲವನ್ನು ಹೊಗಳುವುದೂ ಅವರ ಕಸುಬಿನ ಭಾಗ ಎಂಬುದು ಚೀಟಿಯಲ್ಲಿರಲಿ.

ಐತಿಹ್ಯಗಳು ಖಂಡಿತ ಬರುತ್ತವೆ. ಊರಿನ ಹೆಸರಿಗೆ, ಕೆರೆಗೆ ಹಾರವಾದ ಸೊಸೆಗೆ, ಗುಡ್ಡದ ದೇವರಿಗೆ ಎಲ್ಲಕ್ಕೂ ಒಂದು ಕಥೆಯಿರುತ್ತದೆ. ಅವನ್ನು ಸುಳ್ಳೆಂದು ಎಸೆಯಬೇಡಿ, ನಿಜವೆಂದೂ ಬರೆಸಬೇಡಿ. ವೀರಬಲ್ಲಾಳನಿಗೆ ಮುದುಕಿ ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಬೆಂಗಳೂರು ಎಂಬ ಕಥೆ ಮಕ್ಕಳಿಗೆ ಗೊತ್ತಿರುತ್ತದೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು 890ರ ವೀರಗಲ್ಲಿನಲ್ಲೇ ಬೆಂಗಳೂರಿನ ಕಾಳಗದ ಮಾತಿದೆ. ಬಲ್ಲಾಳ ಬಂದದ್ದು ಅದಕ್ಕೂ ಮುನ್ನೂರು ವರ್ಷ ಆಮೇಲೆ. ಕಥೆ ಹೆಸರಿನ ಮೂಲವನ್ನು ಹೇಳುವುದಿಲ್ಲ; ಹೇಳಿದವರು ತಮ್ಮ ಊರನ್ನು ಯಾವುದಕ್ಕಾಗಿ ನೆನೆಯಬಯಸಿದರು ಎಂಬುದನ್ನು ಹೇಳುತ್ತದೆ. ನಿಮ್ಮೂರ ಕಥೆಯನ್ನು ಮೂರು ಕೇರಿಯಲ್ಲಿ ಕೇಳಿಸಿ. ಎಲ್ಲಿ ಬದಲಾಗುತ್ತದೆ ಎಂಬುದೇ ಬರೆಯಬೇಕಾದ ಸಂಗತಿ.

ಏಳನೇ ವಾರ ಬರೆಯುವುದು. ಒಂದು ಗುಂಪಿಗೆ ಎರಡು ಪುಟ ಮಾತ್ರ. ಚೀಟಿಗಳಿಗೆಲ್ಲ ನಂಬರು ಹಾಕಿಸಿ, ಪ್ರತಿ ವಾಕ್ಯದ ಪಕ್ಕ ಅದಕ್ಕೆ ಆಧಾರವಾದ ಚೀಟಿಯ ನಂಬರು ಇರಬೇಕು. ನಂಬರಿಲ್ಲದ ವಾಕ್ಯವನ್ನು ಹೊಡೆದುಹಾಕಿ, ಇಲ್ಲವೇ ‘ನಮಗೆ ಹೀಗನ್ನಿಸುತ್ತದೆ’ ಎಂದು ಸೇರಿಸಿ. ಇಲ್ಲಿ ನಕಲು ತಾನಾಗಿ ಸಿಕ್ಕಿಬೀಳುತ್ತದೆ. ಎಂಟನೇ ವಾರ ಹೇಳಿದವರನ್ನೆಲ್ಲ ಶಾಲೆಗೆ ಕರೆದು ಓದಿ ಹೇಳಿಸಿ. ‘ಹಾಗಲ್ಲ, ಹೀಗೆ’ ಎಂದು ಅವರು ತಿದ್ದಿದ್ದನ್ನು ಹೊಸ ಚೀಟಿಯಾಗಿ ಸೇರಿಸಿ, ಹಳೆಯದನ್ನು ಹರಿಯಬೇಡಿ. ಇಬ್ಬರು ಹಿರಿಯರು ಅಲ್ಲೇ ವಾದಕ್ಕೆ ನಿಂತರೆ ಎರಡೂ ಮಾತನ್ನು ಬರೆದುಕೊಂಡರಾಯಿತು, ಪಂಚಾಯಿತಿ ಮಾಡುವ ಹೊಣೆ ಮಕ್ಕಳದಲ್ಲ.

ಅಂಕದ ವಿಷಯ. ಉತ್ತರ ಸಿಕ್ಕಿತೇ ಎಂಬುದಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಸಿಗದ ಗುಂಪು ಏನಾದರೊಂದು ಹೊಂದಿಸಿ ಬರೆದುಬಿಡುತ್ತದೆ. ಇಪ್ಪತ್ತಕ್ಕೆ ಹೀಗೆ ಹಂಚಬಹುದು: ಚೀಟಿಗಳು ಪೂರ್ತಿಯಿದ್ದರೆ 8, ಒಂದೇ ಸಂಗತಿಗೆ ಎರಡು ಆಧಾರ ಹೋಲಿಸಿದ್ದರೆ 6, ಹೊಂದದ ಕಡೆ ಏಕೆ ಹೊಂದಲಿಲ್ಲ ಎಂದು ಕಾರಣ ಯೋಚಿಸಿದ್ದರೆ 4, ಬರವಣಿಗೆಗೆ 2. ‘1990ರಿಂದ 2000ದ ನಡುವೆ ಎಂಬಷ್ಟೇ ಗೊತ್ತಾಯಿತು, ಇನ್ನೂ ಖಚಿತವಾಗಲು ಜನನ ಪ್ರಮಾಣಪತ್ರ ಬೇಕಿತ್ತು’ ಎಂದು ಬರೆದ ಗುಂಪಿಗೆ ಪೂರ್ತಿ ಅಂಕ ಕೊಡಿ. ಚೀಟಿಗಳನ್ನು ನಂಬರಿನ ಪ್ರಕಾರ ಒಂದು ಫೈಲಿನಲ್ಲಿ ಹೊಲಿದು ಶಾಲೆಯಲ್ಲಿ ಇಡಿ, ಒಂದು ಜೆರಾಕ್ಸ್ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷದ ಏಳನೇ ತರಗತಿ ಆ ಫೈಲಿನಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಯಿಂದ ಶುರು ಮಾಡಲಿ.